ಹೆಸರು ಅಳಿಸಿಹೋದ ಹಿರಿಯ ಮಗ: ‘ಡಾರ್ಕ್ ಸೋಲ್ಸ್’ ಕಥೆಯ ಒಂದು ಎಳೆ

‘ಡಾರ್ಕ್ ಸೋಲ್ಸ್’ ಎಂಬ ವಿಡಿಯೊ ಆಟವನ್ನು ಮೊದಲ ಸಲ ಆಡಲು ಕುಳಿತ ಮಂಗಳೂರಿನ ಹುಡುಗರು ಸಾಮಾನ್ಯವಾಗಿ ಕೇಳುವುದು, “ಇದರಲ್ಲಿ ಕಥೆ ಎಲ್ಲಿ ಉಂಟು?” ಎಂದು. ಕಥೆ ಇರುವುದು ಆಟದೊಳಗೆ ಆಟಗಾರ ವಸ್ತುಗಳನ್ನು ತುಂಬಿಕೊಳ್ಳುವ ಚೀಲದಲ್ಲಿ. ಅಲ್ಲಿರುವ ಪ್ರತಿ ಉಂಗುರಕ್ಕೂ ಕತ್ತಿಗೂ ಮೂರು ನಾಲ್ಕು ಸಾಲುಗಳ ವಿವರಣೆಯಿದ್ದು, ಅವನ್ನು ಜೋಡಿಸಿಕೊಳ್ಳದವನಿಗೆ ಆ ಲೋಕದ ಇತಿಹಾಸ ತೆರೆದುಕೊಳ್ಳುವುದೇ ಇಲ್ಲ.

ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2011ರಲ್ಲಿ ಹೊರತಂದ ಈ ಆಟದ ನಿರ್ದೇಶಕ ಹಿದೆತಾಕ ಮಿಯಾಜಾಕಿ. ಬಾಲ್ಯದಲ್ಲಿ ತಮಗೆ ಪೂರ್ತಿ ಅರ್ಥವಾಗದ ಇಂಗ್ಲಿಷ್ ಪುಸ್ತಕಗಳನ್ನು ಓದುತ್ತ, ತಿಳಿಯದ ಭಾಗಗಳನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರ ಕಥೆಯನ್ನು ಒಂದಿಷ್ಟು ಪಾಡ್ದನವೆಂಬ ತುಳು ಹಾಡುಕಥೆಯಲ್ಲಿ, ಒಂದಿಷ್ಟು ಅವರ ಗುಡಿಯಾದ ಗರಡಿಯ ಮೂರ್ತಿಗಳ ಎದುರು, ಉಳಿದದ್ದನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನಮಗೆ ಈ ಕ್ರಮ ಹೊಸದೇನಲ್ಲ.

ಆ ಲೋಕದಲ್ಲಿ ಡ್ರ್ಯಾಗನ್‌ಗಳನ್ನು ಗೆದ್ದು ಬೆಂಕಿಯ ಯುಗವನ್ನು ಕಟ್ಟಿದವನು ಗ್ವಿನ್. ಅವನ ಹಿರಿಯ ಮಗ ಯುದ್ಧದೇವತೆಯಾಗಿದ್ದನೆಂದೂ, ತನ್ನ ಮೂರ್ಖತನದಿಂದ ದೈವಪದವಿ ಕಳೆದುಕೊಂಡನೆಂದೂ, ಇಂದು ಅವನ ಹೆಸರು ಕೂಡ ಯಾರಿಗೂ ತಿಳಿಯದೆಂದೂ ಒಂದು ಉಂಗುರದ ವಿವರಣೆ ಹೇಳುತ್ತದೆ. ಆ ಮೂರ್ಖತನ ಯಾವುದೆಂದು ಮಾತ್ರ ಅಲ್ಲಿಲ್ಲ. ಸೂರ್ಯಪೀಠದಲ್ಲಿ ಒಡೆದುಹೋದ ಒಂದು ಪ್ರತಿಮೆಯಿದೆ. ಅದು ಅವನದೇ ಇರಬೇಕೆಂದು ಹಲವರು ಊಹಿಸಿದರು. ಸೂರ್ಯನನ್ನು ಆರಾಧಿಸುವ ಸೊಲೇರ್ ಎಂಬ ಯೋಧನೇ ಆ ಮಗನೆಂಬ ವಾದವೂ ಬಹುಕಾಲ ಬಲವಾಗಿತ್ತು.

ಉತ್ತರಕ್ಕೆ 2016ರ ‘ಡಾರ್ಕ್ ಸೋಲ್ಸ್ 3’ ಬರಬೇಕಾಯಿತು. ಅದರ ಬೆಟ್ಟದ ತುದಿಯಲ್ಲಿ, ಗುಡುಗು ಮಿಂಚಿನ ಮೋಡಗಳ ಮೇಲೆ, ರೆಕ್ಕೆಯ ದೈತ್ಯಪ್ರಾಣಿಯನ್ನೇರಿ ಬರುವ ರಾಜನೊಬ್ಬನನ್ನು ಎದುರಿಸಬೇಕು. ಒಂದು ಕಾಲದಲ್ಲಿ ಡ್ರ್ಯಾಗನ್‌ಗಳನ್ನು ಕೊಲ್ಲುತ್ತಿದ್ದ ಈ ಯುದ್ಧದೇವತೆ, ಎಲ್ಲವನ್ನೂ ತ್ಯಜಿಸಿ ಅವುಗಳ ಪಕ್ಷ ಸೇರಿದನೆಂದು ಅವನನ್ನು ಸೋಲಿಸಿದಾಗ ವಸ್ತುವಾಗಿ ಸಿಗುವ ಅವನ ಆತ್ಮದ ವಿವರಣೆ ತಿಳಿಸುತ್ತದೆ. ಅದನ್ನು ಓದಿ ಹಳೆಯ ಉಂಗುರವನ್ನು ನೆನಪಿಸಿಕೊಂಡವನಿಗೆ ಮಾತ್ರ, ತಂದೆಯ ಶತ್ರುಗಳೊಡನೆ ಕೈಜೋಡಿಸಿದ್ದೇ ಆ ‘ಮೂರ್ಖತನ’ವೆಂದು ಹೊಳೆಯುತ್ತದೆ, ಗೆದ್ದವರು ಬರೆಸಿದ ಇತಿಹಾಸದಲ್ಲಿ ಅದು ಮೂರ್ಖತನವೆಂದೇ ಉಳಿಯಿತು ಎಂಬುದು ನನ್ನ ಓದು. ಐದು ವರ್ಷಗಳ ಅಂತರದಲ್ಲಿ, ಎರಡು ಬೇರೆ ಆಟಗಳ ಎರಡು ಸಣ್ಣ ವಸ್ತುಗಳು ಹೀಗೆ ಒಂದನ್ನೊಂದು ಪೂರ್ಣಗೊಳಿಸುವ ಈ ಕಟ್ಟಣೆಗೆ ನಾನು ಮನಸೋತಿದ್ದೇನೆ.

ಆದರೂ ಅವನ ನಿಜವಾದ ಹೆಸರು ಆಟದಲ್ಲಿ ಎಲ್ಲಿಯೂ ಬರುವುದಿಲ್ಲ. ಕಾದಾಟದ ಹೊತ್ತಿಗೆ ಪರದೆಯ ಕೆಳಗೆ ಮೂಡುವುದು ‘ಹೆಸರಿಲ್ಲದ ರಾಜ’ ಎಂದಷ್ಟೇ.