ಎಣ್ಣೆಯಲ್ಲಿ ಬಾಳುವ ಪ್ರೋಟೀನು

ಬಳ್ಳಾರಿಯಲ್ಲಿ ಸಂಜೆ ಒಗ್ಗರಣೆ-ಮಿರ್ಚಿ ತಿಂದವರಿಗೆ ಗೊತ್ತು, ಬೆರಳಿಗೆ ಹತ್ತಿದ ಎಣ್ಣೆ ಬರೀ ನೀರಿಗೆ ಜಗ್ಗುವುದಿಲ್ಲ. ಸೋಪು ಬೇಕು. ಅದರ ಅಣುವಿನ ಒಂದು ತುದಿ ಎಣ್ಣೆಗೆ ಒಗ್ಗುತ್ತದೆ, ಇನ್ನೊಂದು ನೀರಿಗೆ. ಬ್ಯಾಕ್ಟೀರಿಯಾದ ಪೊರೆಯಿಂದ ಪ್ರೋಟೀನು ಬಿಡಿಸುವವರ ಉಪಾಯವೂ ಇದೇ.

ಪೊರೆ ಅಂದರೆ ಎರಡು ಪದರ ಕೊಬ್ಬು. ಅದರಲ್ಲಿ ಹುದುಗಿ ಕೂತ ಪ್ರೋಟೀನುಗಳೇ ಕೋಶದ ಬಾಗಿಲು, ಪಂಪು. ನಾವು ನುಂಗಿದ ಆಂಟಿಬಯೋಟಿಕ್ಕನ್ನು ಹೊರಗೆ ಉಗುಳುವ ಪಂಪುಗಳೂ ಅಲ್ಲಿವೆ. ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯಕ್ಕೆ ಕೊಡುವ ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಅದು ತಡೆದು ನಿಲ್ಲಿಸುವುದು ಆ ಬ್ಯಾಕ್ಟೀರಿಯಾದ ಪೊರೆಯಲ್ಲಿ ಗಿರಗಿರ ತಿರುಗುತ್ತ ಕೋಶಕ್ಕೆ ಶಕ್ತಿ ತಯಾರಿಸುವ ಎಟಿಪಿ ಸಿಂಥೇಸ್ ಎಂಬ ಪ್ರೋಟೀನು ಯಂತ್ರವನ್ನು. ಇಂಥದರ ಯಾವ ಸಂದಿಗೆ ಔಷಧ ಕೂರುತ್ತದೆಂದು ನೋಡಲು ಶುದ್ಧ ಪ್ರೋಟೀನು ಮಿಲಿಗ್ರಾಂ ಲೆಕ್ಕದಲ್ಲಿ ಬೇಕು.

ಅದಕ್ಕೆ ಆ ಪ್ರೋಟೀನಿನ ಜೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸುತ್ತಾರೆ. ಸಾದಾ ಪ್ರೋಟೀನಾದರೆ ಅದು ರಾಶಿ ಹಾಕುತ್ತದೆ. ಪೊರೆಯದ್ದಾದರೆ ತಕರಾರು. ಪೊರೆಯೊಳಗೆ ನುಗ್ಗುವ ದಾರಿ ಕಿರಿದು, ಹಿಂದೆ ಉಳಿದದ್ದು ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಎಷ್ಟೋ ಸಲ ಕೋಶವೇ ಸಾಯುತ್ತದೆ.

1996ರಲ್ಲಿ ಬ್ರೂನೋ ಮಿರೂ ಮತ್ತು ಜಾನ್ ವಾಕರ್ ಎಂಬ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ದಾರಿ ನನಗೆ ರೈತರದ್ದೇ ಅನ್ನಿಸುತ್ತದೆ. ರಾಯಚೂರು ಕಡೆ ನೆಟೆ ರೋಗಕ್ಕೆ ತೊಗರಿ ಹೊಲವೆಲ್ಲ ಒಣಗಿದಾಗ, ತಾಳಿಕೊಂಡು ನಿಂತ ಗಿಡದ ಬೀಜ ಎತ್ತಿಟ್ಟ ಹಾಗೆ. ಇ. ಕೋಲಿಯ ಬಿಎಲ್21 ತಳಿಯ ಕೋಶಗಳು ಸಾಯುತ್ತಿದ್ದವು, ಇವರು ಬದುಕಿದವನ್ನು ಆರಿಸಿದರು. ಹಾಗೆ ಸಿಕ್ಕವೇ ಸಿ41, ಸಿ43 ತಳಿಗಳು. ಇವು ಯಾಕೆ ಬದುಕಿದವು ಎಂಬುದು ತಿಳಿಯಲು ಇನ್ನೂ ಹತ್ತು ವರ್ಷದ ಮೇಲೆ ಹಿಡಿಯಿತು: ಜೀನನ್ನು ಓದುವ ಕಿಣ್ವ ಅವುಗಳಲ್ಲಿ ಕಡಿಮೆ ತಯಾರಾಗುತ್ತಿತ್ತು, ಪ್ರೋಟೀನು ಪೊರೆಗೆ ಹಿಡಿಸುವಷ್ಟೇ ಬರುತ್ತಿತ್ತು. ಅಂದಹಾಗೆ, ಎಟಿಪಿ ಸಿಂಥೇಸ್‌ನ ಗುಟ್ಟು ಬಿಡಿಸಿದ್ದಕ್ಕೆ 1997ರ ನೊಬೆಲ್ ಹಂಚಿಕೊಂಡವರಲ್ಲಿ ಇದೇ ವಾಕರ್ ಒಬ್ಬರು.

ವೇಗ ತಗ್ಗಿಸಲು ತಂಪೂ ಸಹಾಯ ಮಾಡುತ್ತದೆ. 37 ಡಿಗ್ರಿಯಲ್ಲಿ ಬೆಳೆಸಿ, ಪ್ರೋಟೀನು ಮಾಡಿಸುವ ಹೊತ್ತಿಗೆ 18-20ಕ್ಕೆ ಇಳಿಸುತ್ತಾರೆ. ರಾಯಚೂರಿನ ಮೇ ತಿಂಗಳಲ್ಲಿ 37 ಪುಕ್ಕಟೆ ಸಿಗುತ್ತದೆ, 18ಕ್ಕೇ ಕರೆಂಟು ಕೈಕೊಡಬಾರದು.

ಪ್ರೋಟೀನಿನ ಬಾಲಕ್ಕೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಇನ್ನೊಂದು ಪ್ರೋಟೀನು ಕಟ್ಟುವುದುಂಟು. ಪೊರೆಯಲ್ಲಿ ಸರಿಯಾಗಿ ಕೂತರೆ ಹೊಳೆಯುತ್ತದೆ, ಗಂಟಾದರೆ ಸಾಮಾನ್ಯವಾಗಿ ಇಲ್ಲ. ಆಮೇಲೆ ಸೋಪಿನ ಸರದಿ. ಬಟ್ಟೆ ಸೋಪು ಹಾಕಿದರೆ ಪ್ರೋಟೀನೇ ಬಿಚ್ಚಿಹೋದೀತು. ಡಿಡಿಎಂ ಎಂಬುದು ಮೆದು: ಒಂದು ತುದಿ ಮಾಲ್ಟೋಸ್ ಸಕ್ಕರೆ, ಇನ್ನೊಂದು 12 ಇಂಗಾಲದ ಬಾಲ. ಬಾಲಗಳು ಪ್ರೋಟೀನಿನ ಜಿಡ್ಡು ಸೊಂಟಕ್ಕೆ ಸುತ್ತಿಕೊಳ್ಳುತ್ತವೆ. ಟ್ಯೂಬನ್ನು ರಭಸದಿಂದ ತಿರುಗಿಸಿ ತೆಗೆದು ನೋಡುತ್ತಾರೆ. ಹಸಿರು ಮೇಲಿನ ನೀರಲ್ಲಿ ಉಳಿದಿದ್ದರೆ ಪ್ರೋಟೀನು ಸೋಪಿಗೆ ಒಪ್ಪಿದೆ. ತಳಕ್ಕೆ ಇಳಿದಿದ್ದರೆ ಬೇರೆ ಸೋಪು ಹುಡುಕಬೇಕು.