ಏಡಿ ಸಾರು ಉಂಡ ಸೊಸೆಯನ್ನು ಕೇಳಿ

ಪೌಷ್ಟಿಕತೆಯಲ್ಲಿ ಎಂಎಸ್ಸಿ ಅಂದ್ರೆ ನೂರು ಗ್ರಾಂ ರಾಗಿಯಲ್ಲಿ ಎಷ್ಟು ಕ್ಯಾಲ್ಸಿಯಂ ಅಂತ ಬಾಯಿಪಾಠ ಮಾಡೋದು, ಇಲ್ಲಾ ಸಣ್ಣ ಆಗೋಕೆ ಡಯಟ್ ಬರೆದುಕೊಡೋದು ಅಂದುಕೊಂಡವರೇ ಜಾಸ್ತಿ. ನನ್ನ ಕೈಗೆ ಸಿಲಬಸ್ ಕೊಟ್ಟರೆ ಮೊದಲ ವಾರವೇ ಎಲ್ಲರನ್ನೂ ಬಸ್ ಹತ್ತಿಸಿ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಕರೆದುಕೊಂಡು ಹೋಗುತ್ತೇನೆ.

1970ರ ದಶಕದ ನಡುವೆ ಅಲ್ಲಿನ ಕೂಲಿ ಮಾಡುವ ಬಡವರಿಗೆ ಸೊಂಟ, ಮಂಡಿ ಹಿಡಿದುಕೊಂಡಿತು. ನೆಟ್ಟಿ ಮಾಡುತ್ತಿದ್ದವರು ಕೋಲು ಹಿಡಿದರು. ಅನುಮಾನ ಬಿದ್ದದ್ದು ಗದ್ದೆಯ ಏಡಿ ಮೇಲೆ: ಹೊಡೆದ ಕೀಟನಾಶಕ ಏಡಿಗೆ, ಏಡಿ ಸಾರಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿ 1978ರಲ್ಲಿ ಬರೆದ ಪ್ರಬಂಧದ ಹೆಸರಲ್ಲೇ 'ಕೌಟುಂಬಿಕ', ಅಂದ್ರೆ ಮನೆತನದಲ್ಲಿ ಹರಿಯೋದು, ಅನ್ನೋ ಮಾತಿತ್ತು. ಈ ಸಂಸ್ಥೆ ಹುಟ್ಟಿದ್ದು 1918ರಲ್ಲಿ, ಕೂನೂರಿನ ಒಂದು ಕೋಣೆಯಲ್ಲಿ, ಕೈಕಾಲು ಸೋಲಿಸುವ ಬೆರಿಬೆರಿ ಅನ್ನೋ ಕಾಯಿಲೆಯ ಪತ್ತೆಗೆ. ಬೆರಿಬೆರಿಯದು ಉಲ್ಟಾ ಕಥೆ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ರೋಗಾಣು ಹುಡುಕುತ್ತಾ ಕೂತಿದ್ದರು, ಕಳ್ಳ ಇದ್ದದ್ದು ತೌಡಿನ ಜೊತೆ ವಿಟಮಿನ್ ಕಳೆದುಕೊಂಡ ಪಾಲಿಶ್ ಅಕ್ಕಿಯಲ್ಲಿ. ಹಂದಿಗೋಡಲ್ಲಿ ಬೈಸಿಕೊಂಡದ್ದು ಊಟ. ಆಮೇಲಿನ ಅಧ್ಯಯನಗಳು ತೋರಿಸಿದ್ದು ವಂಶವಾಹಿಯನ್ನು.

ಊಟದಿಂದ ಬಂದ ಕಾಯಿಲೆಯನ್ನೂ ರಕ್ತದಿಂದ ಬಂದದ್ದನ್ನೂ ಬೇರ್ಪಡಿಸೋದು ಹೇಗೆ? ಒಂದು ಮನೆಯವರು ರಕ್ತವನ್ನೂ ಹಂಚಿಕೊಂಡಿರುತ್ತಾರೆ, ಸಾರಿನ ಪಾತ್ರೆಯನ್ನೂ. ಹಾಗಾಗಿ ಎರಡೂ ಥರದ ಕಾಯಿಲೆ ಮನೆತನದಲ್ಲೇ ಹರಿದು ಬಂದಂತೆ ಕಾಣುತ್ತೆ. ಆಗ ಸೊಸೆಯನ್ನು ನೋಡಬೇಕು. ಬೇರೆ ತೋಟದ ಸಸಿಯನ್ನು ತಂದು ನಮ್ಮ ಮಣ್ಣಲ್ಲಿ ನೆಟ್ಟ ಹಾಗೆ ಅವಳು. ಮೂವತ್ತು ವರ್ಷ ಅದೇ ಏಡಿ ಉಂಡಿದ್ದಾಳೆ, ಆದರೆ ರಕ್ತ ಬೇರೆ. ಗಂಡಂದಿರಿಗೆ ಕಾಯಿಲೆ ಇದ್ದರೂ ಇಂಥ ಸೊಸೆಯಂದಿರ ಮಂಡಿ ನೆಟ್ಟಗಿದ್ದು, ಅವರ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಕುಂಟಿದರೆ ಏಡಿಯನ್ನು ಬಿಟ್ಟುಬಿಡಿ. ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಕಾಯಿಲೆ ಇದು. ಪ್ರತಿ ಮಗುವಿಗೂ ನಾಣ್ಯ ಚಿಮ್ಮಿದ ಹಾಗೆ, ಹೆಡ್ಡೋ ಟೇಲೋ. ಆದರೆ ಸೊಸೆ ಗಂಡನ ಅಕ್ಕನ ಮಗಳೇ ಆಗಿದ್ದರೆ? ಸಸಿ ಅದೇ ತೋಟದ್ದು, ಲೆಕ್ಕ ಕೆಟ್ಟಿತು. ನಮ್ಮಲ್ಲಿ ಇದೇನು ಅಪರೂಪವಾ!

ಕಳೆದ ಮಳೆಗಾಲ ನನ್ನ ತಂಗಿ ಮಗಳು ತನ್ನ ಎಂಎಸ್ಸಿ ಸರ್ವೆಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. "ನಿನ್ನೆ ಏನು ಊಟ ಅಜ್ಜಿ?" "ಎಂಥದ್ದೂ ಇಲ್ಲ ಮಾರಾಯ್ತಿ, ಅನ್ನ ಸಾರು." ಹಾಗೇ ಬರೆದುಕೊಂಡಳು. ಒಲೆ ಪಕ್ಕದ ಬುಟ್ಟಿಯಲ್ಲಿ ಏಡಿಗಳು ಪರಪರ ಅನ್ನುತ್ತಿದ್ದವು. ಕಾಫಿ ತಂದುಕೊಟ್ಟ ಸೊಸೆಗೂ ಅದೇ ಪ್ರಶ್ನೆ, ಅದೇ ಉತ್ತರ. ಫಾರಂ ಇಸಿದುಕೊಂಡು ತಿರುವಿ ನೋಡಿದೆ. ತವರು ಯಾವೂರು ಅಂತ ಕೇಳೋ ಕಾಲಂ ಎಲ್ಲೂ ಇರಲಿಲ್ಲ.