ಅಪ್ಪನಿಗಿದ್ದ ಶುಗರ್ ಮಕ್ಕಳಿಗೂ ಬಂದೇ ಬರುತ್ತದೆಯೇ?

ಮಧುಮೇಹದ ಚಿಕಿತ್ಸೆ ಮಾಡುವವರ ಕಿವಿಗೆ ಎರಡು ಮಾತು ಪದೇ ಪದೇ ಬೀಳುತ್ತವೆ. "ಅಪ್ಪ, ಅಮ್ಮ ಇಬ್ಬರಿಗೂ ಶುಗರ್ ಇದೆ ಡಾಕ್ಟ್ರೇ, ನನಗೂ ತಪ್ಪಿದ್ದಲ್ಲ ಬಿಡಿ" ಎನ್ನುವವರು ಪಥ್ಯ, ನಡಿಗೆ ಎರಡನ್ನೂ ಕೈಬಿಟ್ಟಿರುತ್ತಾರೆ. "ನಮ್ಮ ವಂಶದಲ್ಲೇ ಯಾರಿಗೂ ಇಲ್ಲ" ಎನ್ನುವವರು ನಲವತ್ತೈದು ದಾಟಿದರೂ ಒಮ್ಮೆಯೂ ರಕ್ತಪರೀಕ್ಷೆ ಮಾಡಿಸಿರುವುದಿಲ್ಲ. ಇಬ್ಬರ ಲೆಕ್ಕವೂ ತಪ್ಪು.

ದೊಡ್ಡವರಾದ ಮೇಲೆ ಬರುವ ಟೈಪ್ 2 ಮಧುಮೇಹದಲ್ಲಿ ವಂಶದ ಪಾತ್ರ ದೊಡ್ಡದೇ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಜೀವಮಾನದಲ್ಲಿ ಎಂದಾದರೂ ಬರುವ ಸಂಭವ ಸುಮಾರು ಶೇ 40; ಇಬ್ಬರಿಗೂ ಇದ್ದರೆ ಶೇ 70ರ ಹತ್ತಿರ. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1ಕ್ಕಿಂತ ಟೈಪ್ 2ವೇ ಮನೆತನದಲ್ಲಿ ಹೆಚ್ಚು ಹರಿದುಬರುತ್ತದೆ ಎಂದರೆ ಹಲವರು ನಂಬುವುದಿಲ್ಲ.

ಹಾಗಾದರೆ ಹರಿದುಬರುವುದೇನು? ರೋಗವಂತೂ ಅಲ್ಲ. 2006ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಟಿಸಿಎಫ್7ಎಲ್2 ಎಂಬ ಜೀನ್‌ನ ಪಾತ್ರವನ್ನು ಗುರುತಿಸಿದರು. ಟೈಪ್ 2ಕ್ಕೆ ದಾರಿಮಾಡುವ ಸಾಮಾನ್ಯ ಜೀನ್‌ಗಳಲ್ಲಿ ಪ್ರಬಲವಾದದ್ದು ಇದು. ಆದರೂ ಇದರ ಅಪಾಯಕಾರಿ ರೂಪದ ಒಂದು ಪ್ರತಿ ಅಪಾಯವನ್ನು ಏರಿಸುವುದು ಒಂದೂವರೆ ಪಟ್ಟಿಗೂ ತುಸು ಕಡಿಮೆ. ಆಮೇಲೆ ಇಂಥವು ನೂರಾರು ಸಿಕ್ಕಿವೆ, ಒಂದೊಂದರದೂ ಚೂರುಪಾರು ಕೊಡುಗೆ. ಗಮನಿಸಬೇಕಾದ್ದೆಂದರೆ, ಇವುಗಳಲ್ಲಿ ಬಹಳಷ್ಟು ಪ್ರಭಾವ ಬೀರುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ, ಅಂದರೆ ಇನ್ಸುಲಿನ್ ಸುರಿಸುವ ತಾಕತ್ತಿನ ಮೇಲೆ. ಹೊಟ್ಟೆಯಲ್ಲಿ ಬೊಜ್ಜು ಕೂತು ಇನ್ಸುಲಿನ್ ಬೇಡಿಕೆ ಏರಿದಾಗ ಕೆಲವರ ಗ್ರಂಥಿ ಹೆಚ್ಚು ದುಡಿದು ನಿಭಾಯಿಸುತ್ತದೆ, ಕೆಲವರದು ಬೇಗ ಸೋಲುತ್ತದೆ. ದಪ್ಪಗಿರುವ ಅಣ್ಣನಿಗೆ ಇಲ್ಲದ ಕಾಯಿಲೆ ಸಣಕಲು ತಮ್ಮನಿಗೆ ಬರುವುದು ಹೀಗೂ ಇರಬಹುದು.

ಬೇಡಿಕೆ ಏರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪೀಮಾ ಎಂಬ ಮೂಲನಿವಾಸಿ ಜನರನ್ನು ನೋಡಬೇಕು. ಅಮೆರಿಕದ ಅರಿಜೋನಾದ ಪೀಮಾ ವಯಸ್ಕರಲ್ಲಿ ಶೇ 38 ಮಂದಿಗೆ ಮಧುಮೇಹ ಕಂಡರೆ, ಮೆಕ್ಸಿಕೋದ ಬೆಟ್ಟಗಳಲ್ಲಿ ಹೊಲದ ದುಡಿಮೆಯಲ್ಲಿ ಬದುಕುವ ಅವರ ಬಂಧುಗಳಲ್ಲಿ ಶೇ 7ರಷ್ಟು ಮಾತ್ರ.

ಜೀನ್ ಅಲ್ಲದ್ದೂ ವಂಶದಂತೆ ಕಾಣಿಸಿಕೊಳ್ಳುತ್ತದೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಬಸುರಿಯಲ್ಲಿ ಮಧುಮೇಹ ಬಂದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕಾಗಲೇ ಬೊಜ್ಜೂ ಇನ್ಸುಲಿನ್ ಪ್ರತಿರೋಧವೂ (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚಿದ್ದವು. ಅಮ್ಮನಿಂದ ಮಗುವಿಗೆ ಬಂದದ್ದರಲ್ಲಿ ಜೀನ್ ಎಷ್ಟು, ಗರ್ಭದೊಳಗಿನ ಸಕ್ಕರೆ ಎಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ಎರಡನೆಯದನ್ನು ತಡೆಯಬಹುದು. ಅದಕ್ಕೇ ಬಸುರಿಯರ ಸಕ್ಕರೆ ಪರೀಕ್ಷೆಯನ್ನು ನಾನು ಎರಡು ತಲೆಮಾರಿನ ಚಿಕಿತ್ಸೆ ಎಂದೇ ನೋಡುತ್ತೇನೆ.

2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದವರು ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದಾಗ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಟಿಸಿಎಫ್7ಎಲ್2ರ ಅಪಾಯದ ಪ್ರತಿ ಎರಡೂ ಇದ್ದವರಿಗೂ ಈ ಲಾಭ ಸಿಕ್ಕಿತು. ಚೆನ್ನೈನ ಇಂಥದೇ ಪ್ರಯೋಗದಲ್ಲಿ ಇಳಿಕೆ ಶೇ 28ರಷ್ಟು. ಕಡಿಮೆಯೇ, ಆದರೂ ಮಾತ್ರೆಯಿಲ್ಲದೆ ಸಿಕ್ಕಿದ್ದು.

ಇನ್ನು ದುಬಾರಿ ಜೀನ್ ಪರೀಕ್ಷೆ. ಮಾಮೂಲಿ ಟೈಪ್ 2ಕ್ಕೆ ಅದರ ಅಗತ್ಯವಿಲ್ಲ. ಮನೆಯಲ್ಲಿ ಶುಗರ್ ಇದ್ದರೂ ಇಲ್ಲದಿದ್ದರೂ ಮೂವತ್ತು ತುಂಬಿದ ಮೇಲೆ ರಕ್ತಪರೀಕ್ಷೆ ಮಾಡಿಸಿ, ಸಾಕು. ಅಗತ್ಯ ಬೀಳುವುದು ಒಂದೇ ಒಂದು ಜೀನ್‌ನ ದೋಷದಿಂದ ಬರುವ ‘ಮೋಡಿ’ ಎಂಬ ಮಧುಮೇಹದ ಅನುಮಾನ ಬಂದಾಗ: ಅಜ್ಜ, ಅಪ್ಪ, ಮಗಳು ಮೂವರಿಗೂ ಇಪ್ಪತ್ತೈದರ ಆಸುಪಾಸಿನಲ್ಲೇ, ಬೊಜ್ಜಿಲ್ಲದೆಯೇ ಬಂದಿದ್ದರೆ. ಇದರ ಒಂದು ಬಗೆಯಲ್ಲಿ ಅಗ್ಗದ ಸಲ್ಫೋನಿಲ್‌ಯೂರಿಯಾ ಮಾತ್ರೆ ಸಾಕಾಗಿ ಎಷ್ಟೋ ಜನ ಇನ್ಸುಲಿನ್ ಬಿಡಲು ಸಾಧ್ಯವಾಗಿದೆ. ಇನ್ನೊಂದರಲ್ಲಿ ಸಕ್ಕರೆ ಹುಟ್ಟಿನಿಂದ ತುಸುವೇ ಮೇಲಿರುತ್ತದೆ, ಬಸುರಿ ಹೊರತು ಔಷಧಿಯೇ ಬೇಕಾಗುವುದಿಲ್ಲ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಬಂತು, ಆಗ ಅವರು ದಪ್ಪಗಿದ್ದರೋ ತೆಳ್ಳಗಿದ್ದರೋ ಎಂದು ಹಿರಿಯರನ್ನು ಕೇಳಿ ಬರೆದುಕೊಂಡು ಹೋಗಿ.